ಸಕ್ಕರೆ ರೋಗದ ಔಷಧವೂ ವಿದ್ಯಾರ್ಥಿಗಳೂ

ವಿದ್ಯಾರ್ಥಿಯಾದವನು ಪಾಠವನ್ನು ಕೇಳಿ, ಪುಸ್ತಕವನ್ನೋದಿ, ಪರೀಕ್ಷೆಯನ್ನು ಕೊಡತಕ್ಕವನೇ ಹೊರತು ಹೊಸ ಜ್ಞಾನವನ್ನು ಹುಡುಕತಕ್ಕವನಲ್ಲವೆಂಬ ಭಾವನೆಯು ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವುದು. ಹೆಣ್ಣುಮಕ್ಕಳ ವಿಷಯದಲ್ಲಿಯಂತೂ ಈ ಭಾವನೆಯು ಇಮ್ಮಡಿಯಾಗಿರುತ್ತದೆ. ಮಗಳು ವಿಜ್ಞಾನದ ತರಗತಿಗೆ ಸೇರಿದಳೆಂದು ಸಂತೋಷಪಡುವ ತಂದೆತಾಯಂದಿರೇ, ಆಕೆಯು ಮುಂದೆ ಪ್ರಯೋಗಶಾಲೆಯಲ್ಲಿ ಎರಡು ಮೂರು ವರುಷಗಳನ್ನು ಕಳೆಯುವೆನೆಂದರೆ, 'ಅದರಿಂದ ಯಾರಿಗೇನು ಪ್ರಯೋಜನ?' ಎಂದು ಕೇಳುವರು. ಪ್ರಶ್ನೆಯು ಅನುಚಿತವಾದುದಲ್ಲ. ಅದಕ್ಕುತ್ತರವಾಗಿ, ಮಧುಮೇಹಕ್ಕೆ ಇನ್ಸುಲಿನ್ ಎಂಬ ಔಷಧವು ದೊರೆತ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವೆವು.

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಗಳು ಜೀರ್ಣವಾಗಿ ಸಕ್ಕರೆಯ ರೂಪದಿಂದ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯನ್ನು ದೇಹವು ಉಪಯೋಗಿಸಿಕೊಳ್ಳಬೇಕಾದರೆ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ನಿನ ಸಹಾಯವು ಅಗತ್ಯ. ಅದಿಲ್ಲದವನ ಸ್ಥಿತಿಯು, ಕಣಜವು ತುಂಬಿದ್ದರೂ ಬೀಗದ ಕೈ ಕಳೆದುಹೋದ ಮನೆಯವರ ಸ್ಥಿತಿಯಂತೆ. ರಕ್ತದಲ್ಲಿ ಸಕ್ಕರೆ ತುಂಬಿ ಮೂತ್ರದಲ್ಲಿ ಹರಿದುಹೋಗುತ್ತಿರುವಾಗಲೇ ದೇಹವು ಹಸಿವಿನಿಂದ ಸವೆಯುವುದು. ವಯಸ್ಸಾದವರಲ್ಲಿ ಕಾಣುವ ಮಧುಮೇಹವು ಸಾಮಾನ್ಯವಾಗಿ ನಿಧಾನವಾದುದು; ಮಕ್ಕಳಲ್ಲಿ ಕಾಣುವುದು ಹಾಗಲ್ಲ. 1922ಕ್ಕೆ ಮುಂಚೆ ಈ ರೋಗಕ್ಕೆ ತುತ್ತಾದ ಮಗುವಿಗೆ ವೈದ್ಯರು ಮಾಡಬಹುದಾಗಿದ್ದುದು ಒಂದೇ: ಆಹಾರವನ್ನು ಅರೆಹೊಟ್ಟೆಗಿಂತಲೂ ಕಡಮೆ ಮಾಡಿ, ಮರಣವನ್ನು ಕೆಲವು ತಿಂಗಳು ಮುಂದಕ್ಕೆ ದೂಡುವುದು.

ಈ ಕಥೆಯಲ್ಲಿ ಮೊದಲು ಬರತಕ್ಕವನು ಪೌಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ. ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿದ್ದ ಈತನು 1869ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಪದವಿಗಾಗಿ ಬರೆದ ಪ್ರಬಂಧದಲ್ಲಿ ಮೊಲದ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಿಂದ ನೋಡಿ ವರ್ಣಿಸಿದನು. ಉಳಿದವುಗಳಿಂದ ಬೇರೆಯಾಗಿ ಅಲ್ಲಲ್ಲಿ ಗುಂಪುಗೂಡಿರುವ ಕಣಗಳು ಅವನ ಕಣ್ಣಿಗೆ ಬಿದ್ದವು. ಅವುಗಳ ಕೆಲಸವೇನೆಂಬುದು ತನಗೆ ತಿಳಿಯದೆಂದು ಆತನು ನೇರವಾಗಿ ಹೇಳಿದನು. ತಿಳಿಯದುದನ್ನು ತಿಳಿಯದೆಂದೇ ಬರೆದ ಈ ಪ್ರಾಮಾಣಿಕತೆಯನ್ನು ನಾವು ಆ ಶೋಧಕ್ಕಿಂತ ಕಡಮೆಯೆಂದು ಎಣಿಸುವುದಿಲ್ಲ. ಇನ್ಸುಲಿನ್ ಹುಟ್ಟುವುದು ಆ ಗುಂಪುಗಳಲ್ಲಿಯೇ. 1888ರಲ್ಲಿ ಮಡೈರಾ ದ್ವೀಪದಲ್ಲಿ ತೀರಿಕೊಂಡ ಲಾಂಗರ್‌ಹಾನ್ಸನಿಗೆ ಇದು ತಿಳಿಯಲೇ ಇಲ್ಲ. ಮರುವರುಷ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬವರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಲು, ಅದಕ್ಕೆ ಮಧುಮೇಹವು ತಗಲಿತು.

ಗ್ರಂಥಿಯ ಸಾರವನ್ನು ತೆಗೆದು ರೋಗಿಗೆ ಕೊಟ್ಟರಾಯಿತಲ್ಲವೆ ಎಂದು ವಾಚಕರು ಕೇಳಬಹುದು. ಹಲವರು ಅದನ್ನು ಮಾಡಿನೋಡಿ ನಿರಾಶರಾದರು. ಅದೇ ಗ್ರಂಥಿಯಲ್ಲಿ ಹುಟ್ಟುವ ಜೀರ್ಣರಸವು ಬೇಕಾದ ವಸ್ತುವನ್ನು ನಾಶಮಾಡುತ್ತದೆಂದು ಎಣಿಸಿ, ಜೀರ್ಣರಸದ ನಾಳಗಳನ್ನು ಕಟ್ಟಿದರೆ ಆ ಭಾಗವು ಬಾಡಿ ಉಳಿದುದು ದೊರೆಯಬಹುದೆಂದು ಯೋಚಿಸಿದವನು ಕೆನಡಾ ದೇಶದ ಶಸ್ತ್ರವೈದ್ಯ ಫ್ರೆಡರಿಕ್ ಬ್ಯಾಂಟಿಂಗ್. ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮೆಕ್ಲಿಯಡ್ ಆತನಿಗೆ 1921ರ ಬೇಸಗೆಯಲ್ಲಿ ಪ್ರಯೋಗಶಾಲೆಯನ್ನೂ, ಕೆಲವು ನಾಯಿಗಳನ್ನೂ, ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳನ್ನೂ ಕೊಟ್ಟರು. ಅವರಲ್ಲಿ ಮೊದಲು ಯಾರು ಸೇರಬೇಕೆಂಬುದನ್ನು ನಾಣ್ಯವನ್ನು ಚಿಮ್ಮಿ ತೀರ್ಮಾನಿಸಿದರೆಂದು ಹೇಳುವರು. ಹಾಗೆ ಸೇರಿದವನೇ ಚಾರ್ಲ್ಸ್ ಬೆಸ್ಟ್. ಆಗ ಇಪ್ಪತ್ತೆರಡರ ಪ್ರಾಯ, ಪದವಿಯ ವ್ಯಾಸಂಗವನ್ನು ಆಗತಾನೆ ಮುಗಿಸುತ್ತಿದ್ದನು. ಅವನ ಸೋದರತ್ತೆಯೊಬ್ಬಳು ಮಧುಮೇಹದಿಂದಲೇ ತೀರಿಕೊಂಡಿದ್ದಳು.

ಬ್ಯಾಂಟಿಂಗನಿಗೆ ಶಸ್ತ್ರಕ್ರಿಯೆ ಬರುತ್ತಿತ್ತು. ರಕ್ತದಲ್ಲಿರುವ ಸಕ್ಕರೆಯನ್ನು ಅಳೆಯುವ ರಸಾಯನಕ್ರಮವನ್ನು ಬಲ್ಲವನು ಬೆಸ್ಟ್. ಈ ಅಳತೆಯೇ ಎಲ್ಲಕ್ಕೂ ಆಧಾರ. ಅಳೆಯದೆ ಹೋದರೆ ಸಾರವು ಗುಣವನ್ನುಂಟುಮಾಡಿತೋ ಇಲ್ಲವೋ ಎಂಬುದು ಬರಿಯ ಊಹೆಯಾಗಿ ಉಳಿಯುತ್ತಿತ್ತು. ಸೆಕೆಯಿಂದ ಕೂಡಿದ ಆ ಬೇಸಗೆಯಲ್ಲಿ ಹಲವು ನಾಯಿಗಳು ಸತ್ತವು. ಜುಲೈ 30ರಂದು ಸಾರವನ್ನು ಪಡೆದ ನಾಯಿಯ ರಕ್ತದಲ್ಲಿ ಸಕ್ಕರೆಯು ಇಳಿಯಿತು. ನಾಳವನ್ನು ಕಟ್ಟುವ ಉಪಾಯವೇ ಅವಶ್ಯವಿರಲಿಲ್ಲವೆಂದೂ, ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯಿಂದ ಮದ್ಯಸಾರದ ಮೂಲಕ ಔಷಧವನ್ನು ತೆಗೆಯಬಹುದೆಂದೂ ಮುಂದೆ ತಿಳಿದುಬಂದಿತು. ತಪ್ಪು ದಾರಿಯಲ್ಲಿ ಹೊರಟೂ ಸರಿಯಾದ ಊರನ್ನು ಸೇರುವುದು ವಿಜ್ಞಾನದಲ್ಲಿ ಅಪರೂಪವಲ್ಲ.

1922ರ ಜನವರಿ 11ರಂದು ಟೊರಾಂಟೊ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರುಷದ ಹುಡುಗನಿಗೆ ಮೊದಲ ಚುಚ್ಚುಮದ್ದನ್ನು ಕೊಟ್ಟರು. ಔಷಧವು ಶುದ್ಧವಾಗಿರಲಿಲ್ಲ, ಚುಚ್ಚಿದ ಕಡೆ ಕೀವುಗಟ್ಟಿತು. ಕಾಲಿಪ್ ಎಂಬ ರಸಾಯನಜ್ಞನು ಅದನ್ನು ಶುದ್ಧಿಮಾಡಿದ ಮೇಲೆ 23ರಂದು ಮತ್ತೆ ಕೊಡಲು, 520ರಷ್ಟಿದ್ದ ರಕ್ತದ ಸಕ್ಕರೆಯು ಒಂದು ದಿನದೊಳಗೆ 120ಕ್ಕೆ ಇಳಿಯಿತು. ಅದೇ ವರುಷದ ಆಗಸ್ಟಿನಲ್ಲಿ ಎಲಿಜಬೆತ್ ಹ್ಯೂಸ್ ಎಂಬ ಅಮೆರಿಕದ ಹುಡುಗಿಯನ್ನು ಆಕೆಯ ತಾಯಿ ಟೊರಾಂಟೊವಿಗೆ ಕರೆತಂದಳು. ವಯಸ್ಸು ಹದಿನೈದರ ಹತ್ತಿರ. ತೂಕ ಕೇವಲ 45 ಪೌಂಡು. ಆಕೆ 1929ರಲ್ಲಿ ಕಾಲೇಜಿನ ಪದವಿಯನ್ನು ಪಡೆದು, ಮೂವರು ಮಕ್ಕಳ ತಾಯಿಯಾಗಿ, 1981ರ ವರೆಗೆ ಬದುಕಿದ್ದಳು. ನಮ್ಮಲ್ಲಿ ಮಗಳಿಗೆ ಈ ರೋಗವಿದೆಯೆಂದು ತಿಳಿದರೆ ಮದುವೆಯ ಚಿಂತೆಯಿಂದ ಮುಚ್ಚಿಡುವವರೂ, ದಿನವೂ ಚುಚ್ಚಬೇಕಲ್ಲಾ ಎಂದು ಬೇಸತ್ತು ಗಿಡಮೂಲಿಕೆಗಳನ್ನು ನಂಬಿ ಇನ್ಸುಲಿನ್ನನ್ನು ನಿಲ್ಲಿಸುವವರೂ ಇರುವರು. ಇನ್ಸುಲಿನ್ ರೋಗವನ್ನು ಬೇರುಸಹಿತ ಕೀಳುವುದಿಲ್ಲವೆಂಬುದು ನಿಜ. ಆದರೆ ಇಂತಹ ಮಗುವಿಗೆ ಅದನ್ನು ನಿಲ್ಲಿಸಿದರೆ ಪ್ರಾಣವು ಕೆಲವೇ ದಿನಗಳಲ್ಲಿ ಅಪಾಯಕ್ಕೆ ಗುರಿಯಾಗುವುದು.

1923ರ ನೊಬೆಲ್ ಬಹುಮಾನವು ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ದೊರೆಯಿತು. ವಿದ್ಯಾರ್ಥಿಯ ಹೆಸರು ಅದರಲ್ಲಿರಲಿಲ್ಲ. ಬ್ಯಾಂಟಿಂಗನು ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟನಿಗೂ, ಮೆಕ್ಲಿಯಡ್ಡರು ತಮ್ಮ ಪಾಲಿನ ಅರ್ಧವನ್ನು ಕಾಲಿಪನಿಗೂ ಕೊಟ್ಟರು.

ಇನ್ಸುಲಿನ್ನಿನ ಕಣವು ಯಾವ ಆಕಾರದ್ದೆಂಬುದನ್ನು ಕಂಡುಹಿಡಿದ ಕೀರ್ತಿಯು ಡೊರೊತಿ ಹಾಜ್ಕಿನ್ ಎಂಬ ಮಹಿಳೆಗೆ ಸಲ್ಲತಕ್ಕದ್ದು. ಡಾಕ್ಟರೇಟ್ ಪದವಿಯನ್ನು ಪಡೆಯುವ ಮುಂಚೆಯೇ, 1935ರಲ್ಲಿ, ಆಕೆ ಅದರ ಹರಳಿನ ಎಕ್ಸ್‌ರೇ ಚಿತ್ರವನ್ನು ತೆಗೆದಿದ್ದಳು. ಪೂರ್ಣ ರಚನೆಯು ತಿಳಿದುದು 1969ರಲ್ಲಿ. ಆ ಕೆಲಸದಲ್ಲಿ ಪಾಲುಗೊಂಡ ಎಂ. ವಿಜಯನ್ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು ಆಕ್ಸ್‌ಫರ್ಡಿಗೆ ಹೋದವರು. ಅದೇ ಸಂಸ್ಥೆಯಲ್ಲಿ 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಗೆ, ಹೆಂಗಸೆಂಬ ಕಾರಣದಿಂದ, ಮೊದಲು ಪ್ರವೇಶವನ್ನೇ ನಿರಾಕರಿಸಿದ್ದರು. ಆಕೆ ಬಿಡದೆ ಹೋರಾಡಿ, ಒಂದು ವರುಷ ಪರೀಕ್ಷಾರ್ಥವಾಗಿ ಎಂಬ ಕರಾರಿನ ಮೇಲೆ ಸೇರಿ, ಹಾಲು ಮತ್ತು ಬೇಳೆಕಾಳುಗಳ ಸಾರಾಂಶವನ್ನು ಕುರಿತು ಸಂಶೋಧನೆ ನಡೆಸಿ, 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟ್ ಪಡೆದಳು. ಮದುವೆಯ ನಂತರ ಕಮಲಾ ಸೊಹೋನಿಯೆಂದು ಪ್ರಸಿದ್ಧಳಾದವಳು ಈಕೆಯೇ.

ವೈದ್ಯಶಾಸ್ತ್ರವನ್ನು ಓದುವ ಹುಡುಗಿಯರ ತಂದೆತಾಯಂದಿರಿಗೆ ಇನ್ನೊಂದು ಸಂಗತಿಯನ್ನು ತಿಳಿಸತಕ್ಕದ್ದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು 1979ರಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿಯ ಸಂಶೋಧನಾ ವೇತನವನ್ನು ಏರ್ಪಡಿಸಿದರು. ಕಾಲೇಜಿನ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಸುಮಾರು ಎರಡು ತಿಂಗಳು ಒಂದು ವಿಷಯವನ್ನು ಪರಿಶೋಧಿಸಿ ವರದಿಯನ್ನು ಒಪ್ಪಿಸುವುದು ಇದರ ಕ್ರಮ. ಮಧುಮೇಹ, ಅರ್ಬುದ, ರಕ್ತದ ಒತ್ತಡ ಮೊದಲಾದ ಯಾವ ವಿಷಯವನ್ನಾದರೂ ಆರಿಸಿಕೊಳ್ಳಬಹುದು. ಮೊದಲು ಮಾತನಾಡಬೇಕಾದುದು ಆಯಾ ಕಾಲೇಜಿನ ಅಧ್ಯಾಪಕರೊಡನೆ.