ನೀರಿಲ್ಲದೆಡೆಯಲ್ಲಿ ಕಿಣ್ವದ ಕಾರ್ಯ

ಅನ್ನವನ್ನು ನಿಧಾನವಾಗಿ ಅಗಿಯುತ್ತ ಹೋದರೆ ಅದು ಸಿಹಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಜೊಲ್ಲಿನಲ್ಲಿರುವ ಕಿಣ್ವವೊಂದು ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಕಿಣ್ವಗಳು ಬಹುಮಟ್ಟಿಗೆ ಜೀವಕೋಶಗಳು ನಿರ್ಮಿಸುವ ಪ್ರೋಟೀನುಗಳು. ತಾವು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಶೀಘ್ರಗೊಳಿಸುವುದು ಅವುಗಳ ಧರ್ಮ. ಆದುದರಿಂದ ಅವುಗಳನ್ನು ವೇಗವರ್ಧಕಗಳೆನ್ನುತ್ತೇವೆ.

ಜೀವಿಗಳ ದೇಹದಲ್ಲಿ ನೀರೇ ಪ್ರಧಾನವಾದುದರಿಂದ, ಕಿಣ್ವಗಳು ನೀರಿನಲ್ಲಿ ಮಾತ್ರ ಕೆಲಸಮಾಡಬಲ್ಲವು, ಸಾವಯವ ದ್ರಾವಕಗಳಲ್ಲಿ ಕೆಟ್ಟುಹೋಗುವುವು ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಅದು ನಿರಾಧಾರವೇನೂ ಅಲ್ಲ. ಕಿಣ್ವವಿರುವ ನೀರಿಗೆ ಆಲ್ಕೊಹಾಲನ್ನು ಹೆಚ್ಚಾಗಿ ಬೆರೆಸಿದರೆ ಅನೇಕ ಕಿಣ್ವಗಳು ತಮ್ಮ ಆಕಾರವನ್ನು ಕಳೆದುಕೊಂಡು ನಿಷ್ಕ್ರಿಯವಾಗುತ್ತವೆ.

ಆದರೆ 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಝಾಕ್ಸ್ ಮತ್ತು ಕ್ಲಿಬಾನೊವ್ ಎಂಬ ವಿಜ್ಞಾನಿಗಳು ಆಶ್ಚರ್ಯಕರವಾದ ಫಲಿತಾಂಶವನ್ನು ಪ್ರಕಟಿಸಿದರು. ಹಂದಿಯ ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವದ ಒಣಪುಡಿಯನ್ನು ಅವರು ನೀರಿನ ಅಂಶ ಅತ್ಯಲ್ಪವಾಗಿರುವ ಸಾವಯವ ದ್ರವದಲ್ಲಿ ಇರಿಸಿದರು. 100 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೂ ಅದು ಗಂಟೆಗಟ್ಟಲೆ ಕೆಲಸಮಾಡಿತು! ನೀರಿನಲ್ಲಾದರೆ ಅದೇ ಶಾಖಕ್ಕೆ ಅದು ಕೂಡಲೇ ನಾಶವಾಗುತ್ತದೆ.

ಇದರ ಮರ್ಮವೇನು? ಕಿಣ್ವಕ್ಕೆ ನೀರು ಬೇಕು, ನಿಜ. ಆದರೆ ತನ್ನ ಮೈಗೆ ಅಂಟಿಕೊಂಡಿರುವಷ್ಟು ನೀರಿದ್ದರೆ ಸಾಕು. ನೀರಿನೊಡನೆ ಬೆರೆಯದ ಹೆಕ್ಸೇನಿನಂಥ ದ್ರಾವಕವು ಆ ತೆಳುಪದರವನ್ನು ಬಹುಮಟ್ಟಿಗೆ ಉಳಿಯಗೊಡುತ್ತದೆ; ನೀರಿನೊಡನೆ ಬೆರೆಯುವ ಆಲ್ಕೊಹಾಲು ಅದನ್ನು ಸೆಳೆದುಕೊಳ್ಳುತ್ತದೆ. ನೀರು ಅಲ್ಪವಾದಾಗ ಕಿಣ್ವದ ಅಣು ಬಿಗಿಯಾಗಿ ನಿಲ್ಲುವುದರಿಂದ ಶಾಖಕ್ಕೆ ಅದರ ಆಕಾರ ಸುಲಭವಾಗಿ ಸಡಿಲುವುದಿಲ್ಲ.

ಪ್ರಯೋಜನವೂ ಅಲ್ಪವಲ್ಲ. ಲೈಪೇಸ್ ನೀರಿನಲ್ಲಿ ಕೊಬ್ಬನ್ನು ಒಡೆಯುತ್ತದೆ. ನೀರು ವಿರಳವಾದೆಡೆ ಅದೇ ಕಿಣ್ವ ಆಮ್ಲವನ್ನೂ ಆಲ್ಕೊಹಾಲನ್ನೂ ಜೋಡಿಸಿ ಎಸ್ಟರನ್ನು ಕಟ್ಟುತ್ತದೆ. ಬಾಳೆಹಣ್ಣಿನ ಪರಿಮಳಕ್ಕೆ ಕಾರಣವಾದ ಎಸ್ಟರನ್ನು ಹೀಗೆ ತಯಾರಿಸಬಹುದು. ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾದ ಅಣುಗಳಲ್ಲಿ ಔಷಧಕ್ಕೆ ಬೇಕಾದುದನ್ನು ಬೇರ್ಪಡಿಸಲೂ ಈ ಕ್ರಮ ನೆರವಾಗುತ್ತದೆ. ಪುಡಿಯು ಕರಗದೆ ಉಳಿಯುವುದರಿಂದ ಅದನ್ನು ಸೋಸಿ ಮತ್ತೆ ಬಳಸಬಹುದು. ಆದರೆ ಕ್ರಿಯೆಯ ವೇಗ ನೀರಿನಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಬಹಳ ಕಡಿಮೆ; ಹೆಕ್ಸೇನಿನಂಥ ದ್ರಾವಕಗಳಿಗೆ ಬೆಂಕಿಯ ಭಯವೂ ಉಂಟು.

ವಿದ್ಯಾರ್ಥಿಗಳೇ, ಹಳೆಯ ನಿಯಮ ಸುಳ್ಳಾಗಲಿಲ್ಲ. ಅದರ ಎಲ್ಲೆ ಎಲ್ಲಿಯವರೆಗೆಂಬುದು ಗೊತ್ತಾಯಿತು. ಪಾಠದಲ್ಲಿ ಒಂದು ನಿಯಮವನ್ನು ಓದಿದಾಗ "ಇದು ಯಾವ ಸಂದರ್ಭದಲ್ಲಿ ನಿಜ?" ಎಂದು ಕೇಳಿಕೊಳ್ಳಿರಿ. ಮಕ್ಕಳು ಮನೆಯಲ್ಲಿ ಅಂಥ ಪ್ರಶ್ನೆ ಕೇಳಿದಾಗ ಅವರನ್ನು ಸುಮ್ಮನಾಗಿಸದಿರಬೇಕೆಂದು ತಂದೆತಾಯಿಗಳಲ್ಲಿ ನಮ್ಮ ವಿನಂತಿ.