ಉತ್ತರ ಗೊತ್ತಿಲ್ಲದ ಪ್ರಶ್ನೆಗೂ ಮಾರ್ಕ್ಸು

ಪದವಿ ತರಗತಿಯ ಪ್ರಾಜೆಕ್ಟ್ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವರು ಚೆನ್ನಾಗಿ ಬಲ್ಲರು. ಹೋದ ವರ್ಷದವರ ಫೈಲು, ಹೊಸ ರಿಜಿಸ್ಟರ್ ನಂಬರು, ಸ್ಪೈರಲ್ ಬೈಂಡಿಂಗು. ಇಂಥ ಕಡೆ ಡಿಗ್ರಿ ಹುಡುಗರು ಸ್ವಂತ ಸಂಶೋಧನೆ ಮಾಡಲಿ ಎಂದರೆ ಮೇಷ್ಟ್ರುಗಳೇ ನಗುತ್ತಾರೆ. ಆದರೂ ಈ ಆಸೆ ನಿನ್ನೆ ಮೊನ್ನೆಯದಲ್ಲ.

ಅಮೆರಿಕದ ಎಂಐಟಿಯಲ್ಲಿ 1969ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆ ಕಟ್ಟಿದರು. ನಮ್ಮಲ್ಲೂ ಬಹಳ ತಡವಾಗಲಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು ಆಯ್ದು ಸಣ್ಣ ಮೊತ್ತದ ನೆರವು ಕೊಡಲು ಶುರುಮಾಡಿತು. ಆ ಯೋಜನೆ ಸದ್ದಿಲ್ಲದೆ ದಶಕಗಳ ಕಾಲ ನಡೆದುಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿ ಕೊನೆಯ ವರ್ಷದಲ್ಲಿ ಸಂಶೋಧನೆಗೆ ಜಾಗ ಕೊಟ್ಟಿತು.

ಸಾಮಾನ್ಯ ಡಿಗ್ರಿ ಕಾಲೇಜಿಗೆ ಈ ಮಾತು ತಲುಪಿದ್ದು 2021ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಯ ಜತೆ. ನಾಲ್ಕನೇ ವರ್ಷ ಓದಿದರೆ ಆನರ್ಸ್, ಅದರಲ್ಲಿ ಸಂಶೋಧನೆ. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಯಾವುದು ಸರಿ ಎಂಬ ಜಗಳ ರಾಜಕಾರಣಿಗಳಿಗಿರಲಿ. ಸಂಶೋಧನೆಯನ್ನು ಕೊನೆಯ ಒಂದು ವರ್ಷಕ್ಕೆ ಮೀಸಲಿಟ್ಟದ್ದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಆ ವರ್ಷ ಹೋದಾಗ ಅದೂ ಹೋಯಿತು.

ಮಂಡ್ಯ ಸೀಮೆಯವರಿಗೆ ಇನ್ನೊಂದು ಮಾದರಿ ಗೊತ್ತು. ವಿ.ಸಿ. ಫಾರಂನ ಕೃಷಿ ಕಾಲೇಜಿನ ಅಂತಿಮ ವರ್ಷದ ಹುಡುಗ ಹುಡುಗಿಯರು ಹಳ್ಳಿಗಳಲ್ಲಿ ಬಿಡಾರ ಹೂಡುತ್ತಾರೆ. ಇದು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ. ದೇವಸ್ಥಾನದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುತ್ತಾರೆ, ಬೀಜೋಪಚಾರ ಮಾಡಿ ತೋರಿಸುತ್ತಾರೆ, ಅಜೋಲಾ ಬೆಳೆಸುವುದು ಹೇಗೆಂದು ವಿವರಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ಹೆಚ್ಚಿನಂಶ ಪುಸ್ತಕದಲ್ಲಿರುವುದನ್ನೇ ರೈತರಿಗೆ ಒಪ್ಪಿಸುವ ಕೆಲಸ. ರೈತನಿಗೂ ಮೇಷ್ಟ್ರಿಗೂ ಗೊತ್ತಿಲ್ಲದ್ದನ್ನು ಹುಡುಕುವ ಹಂತಕ್ಕೆ ಅದು ಬರುವುದು ಕಡಿಮೆ.

ಹುಡುಕುವುದಕ್ಕೆ ಕಿರುಗಾವಲಿಗಿಂತ ಒಳ್ಳೆಯ ಜಾಗ ಬೇಕೇ? ಮಳವಳ್ಳಿ ತಾಲ್ಲೂಕಿನ ಈ ಊರಿನಲ್ಲಿ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಹಿರಿಯರಿಂದ ಬಂದ ‘ಬಡಾ ಬಾಗ್’ ಮಾವಿನ ತೋಟವೂ ಅವರದೇ. ನಾಲೆ ನೀರು, ಅಧಿಕ ಇಳುವರಿ ತಳಿ ಎಂದು ಇಡೀ ಜಿಲ್ಲೆ ಓಡುವಾಗ ಅವರು ಸಣ್ಣ ಸಣ್ಣ ಮಡಿಗಳಲ್ಲಿ ತಳಿಗೊಂದು ಫಲಕ ನೆಟ್ಟು ಬೆಳೆದರು. ವಿದ್ಯಾರ್ಥಿಗಳು ಬಸ್ಸು ಮಾಡಿಕೊಂಡು ಬಂದು ನೋಡಿಹೋಗುತ್ತಾರೆ. ನೋಡಿದರಷ್ಟೇ ಸಾಲದು, ಅಳೆಯಬೇಕು.

ಅಳೆಯುವ ಕ್ರಮವೂ ಸಿದ್ಧವಿದೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರದು. ಅದರಡಿ ಭತ್ತದ ತಳಿಯೊಂದನ್ನು ಗುರುತಿಸಲು 62 ಲಕ್ಷಣಗಳ ಪಟ್ಟಿಯಿದೆ. ಅರ್ಧದಷ್ಟು ಪೈರು ಹೊಡೆ ಬಿಚ್ಚಲು ಎಷ್ಟು ದಿನ, ತೆನೆ ಎಷ್ಟುದ್ದ, ಕಾಳಿನ ತುದಿಗೆ ಮುಳ್ಳಿದೆಯೇ, ಇದ್ದರೆ ಯಾವ ಬಣ್ಣ, ಸಾವಿರ ಕಾಳಿನ ತೂಕವೆಷ್ಟು. ಸ್ಕೇಲು, ತಕ್ಕಡಿ, ನೋಟುಬುಕ್ಕು ಇದ್ದರೆ ಇವಿಷ್ಟನ್ನು ಬಿ.ಎಸ್ಸಿ. ಎರಡನೇ ವರ್ಷದವರೂ ದಾಖಲಿಸಬಲ್ಲರು. ಪರಿಮಳದ ಪರೀಕ್ಷೆಯಂತೂ ಇನ್ನೂ ಸಲೀಸು. ಕೆಲವು ಅಕ್ಕಿಕಾಳನ್ನು ಶೇ 1.7ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಮುಚ್ಚಿಡಬೇಕು. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದು ಮೂಸಬೇಕು. ಆ ರಾಸಾಯನಿಕ ಎಲ್ಲ ಕಾಲೇಜಿನ ಬೀರುವಿನಲ್ಲೂ ಇರುತ್ತದೆ.

ಈಗ ಪ್ರಶ್ನೆ ಕೇಳಿ: ಮಲೆನಾಡಿನ ಗಂಧಸಾಲೆಯನ್ನು ಈ ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದರೆ ಅದೇ ಘಮ ಉಳಿಯುತ್ತದೆಯೇ? ತಡವಾಗಿ ನಾಟಿ ಮಾಡಿದ ಮಡಿಯದಕ್ಕೂ ಮೊದಲು ಮಾಡಿದ್ದಕ್ಕೂ ವ್ಯತ್ಯಾಸವಿದೆಯೇ? ಈ ವರ್ಷ, ಈ ಮಡಿಯ ಉತ್ತರ ಜೆರಾಕ್ಸ್ ಅಂಗಡಿಯಲ್ಲಿ ಸಿಗುವುದಿಲ್ಲ. ಘಮ ಇಲ್ಲ ಎಂದು ಬಂದರೂ ಅದು ಫಲಿತಾಂಶವೇ. ಅದಕ್ಕೂ ಪೂರ್ತಿ ಮಾರ್ಕ್ಸು ಕೊಡುವ ಮನಸ್ಸು ಪರೀಕ್ಷಕರಿಗಿರಬೇಕು.

ಇದಕ್ಕೆ ನಾಲ್ಕನೇ ವರ್ಷ ಬೇಡ, ಹೊಸ ಆದೇಶವೂ ಬೇಡ. ಮಳವಳ್ಳಿ, ಮದ್ದೂರು, ಮಂಡ್ಯದ ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಮೇಷ್ಟ್ರುಗಳು ಈ ಸಲ ಭತ್ತ ಹೊಡೆಗಟ್ಟುವ ಹೊತ್ತಿಗೆ ರೈತರ ಅನುಮತಿ ಪಡೆದು ಐದಾರು ವಿದ್ಯಾರ್ಥಿಗಳನ್ನು ಗದ್ದೆಗೆ ಕಳಿಸಲಿ. ಕೊಯ್ಲಾದ ಮೇಲೆ ಲೆಕ್ಕದ ಒಂದು ಪ್ರತಿಯನ್ನು ಗದ್ದೆಯವರಿಗೂ ಕೊಡಲಿ.