ನಿಮಗಿದು ಗೊತ್ತೇ? ಕಚೇರಿಯ ವೈಫೈ ಪ್ರಿಂಟರಿಗೂ ಬೀಗ ಬೇಕು

ಕಚೇರಿಯ ಮೂಲೆಯಲ್ಲಿರುವ ವೈಫೈ ಪ್ರಿಂಟರೂ ಒಂದು ಕಂಪ್ಯೂಟರೇ. ಅದಕ್ಕೆ ತನ್ನದೇ ಐಪಿ ವಿಳಾಸವಿದೆ, ಮೆಮೊರಿಯಿದೆ. ದೊಡ್ಡ ಮಾದರಿಗಳಲ್ಲಿ ಹಾರ್ಡ್‌ಡಿಸ್ಕ್ ಕೂಡ ಇರುತ್ತದೆ. ಹಳೆಯ ಪ್ರಿಂಟರನ್ನು ಮಾರುವ ಮುನ್ನ ಆ ಡಿಸ್ಕನ್ನು ಅಳಿಸಲೇಬೇಕು.

ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಹೆಚ್ಚಿನವು 9100 ಎಂಬ ಪೋರ್ಟನ್ನು ತೆರೆದಿಟ್ಟಿರುತ್ತವೆ. ಅಲ್ಲಿಗೆ ಬಂದದ್ದನ್ನು, ಕಳಿಸಿದವರು ಯಾರೆಂದು ಕೇಳದೆ ಮುದ್ರಿಸುತ್ತವೆ. 2018ರ ನವೆಂಬರಿನಲ್ಲಿ ಹ್ಯಾಕರ್ ಒಬ್ಬ ಯೂಟ್ಯೂಬ್ ಚಾನೆಲೊಂದರ ಪ್ರಚಾರಪತ್ರವನ್ನು ಜಗತ್ತಿನ ಎಷ್ಟೋ ಅಪರಿಚಿತರ ಪ್ರಿಂಟರುಗಳಿಂದ ಹೊರಬರುವಂತೆ ಮಾಡಿದ. ತಾನು ಗುರಿಯಿಟ್ಟದ್ದು 50 ಸಾವಿರ ಯಂತ್ರಗಳಿಗೆ ಎಂದು ಅವನೇ ಹೇಳಿಕೊಂಡ. ರೂಟರಿನಲ್ಲಿ ಈ ಪೋರ್ಟನ್ನು ಹೊರಜಗತ್ತಿಗೆ ಮುಚ್ಚಿದ್ದರೆ ಆ ಹಾಳೆಗಳು ಬರುತ್ತಿರಲಿಲ್ಲ.

ವೈಫೈಯ ಮೊದಲ ಬೀಗ ವೆಪ್. ಬಂದದ್ದು 1997ರಲ್ಲಿ, ಮುರಿಯುವ ಬಗೆಯನ್ನು ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು 2001ರಲ್ಲೇ ತೋರಿಸಿದರು. 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಎಂಬ ಇನ್ನೂ ಗಟ್ಟಿ ಬೀಗಗಳು ಬಂದವು. ಹಳೆಯ ಪ್ರಿಂಟರಿಗೆ ವೆಪ್ ಬಿಟ್ಟು ಬೇರೇನೂ ಬಾರದಿದ್ದರೆ ಅದಕ್ಕಾಗಿ ಇಡೀ ಕಚೇರಿಯ ವೈಫೈಯನ್ನು ಸಡಿಲಿಸಬೇಡಿ. ಕೇಬಲ್ ಹಾಕಿ ಬಳಸಿ.

ಪ್ರಿಂಟರನ್ನು ಸುಲಭವಾಗಿ ವೈಫೈಗೆ ಸೇರಿಸಲೆಂದು ಬಂದ ಡಬ್ಲ್ಯುಪಿಎಸ್‌ನಲ್ಲಿ 8 ಅಂಕಿಗಳ ಪಿನ್ ಇದೆ. ಲೆಕ್ಕಕ್ಕೆ 10 ಕೋಟಿ ಸಾಧ್ಯತೆಗಳು! ಆದರೆ ರೂಟರ್ ಮೊದಲ 4 ಅಂಕಿ ಸರಿಯೇ ಎಂದು ಬೇರೆಯಾಗಿಯೇ ತಿಳಿಸಿಬಿಡುತ್ತದೆ; ಅಲ್ಲಿಗೆ 10 ಸಾವಿರ ಸಾಧ್ಯತೆ. ಕೊನೆಯ ಅಂಕಿ ಉಳಿದವುಗಳಿಂದಲೇ ಲೆಕ್ಕಹಾಕಿದ್ದು; ಹಾಗಾಗಿ ಉಳಿದರ್ಧಕ್ಕೆ ಬರೀ ಒಂದು ಸಾವಿರ. ಒಟ್ಟು 11 ಸಾವಿರ ಪ್ರಯತ್ನ ಸಾಕು. 2011ರಲ್ಲಿ ಬಯಲಾದ ಈ ದೋಷದಿಂದ, ತಡೆಯಿಲ್ಲದ ರೂಟರುಗಳು ಕೆಲವೇ ಗಂಟೆಗಳಲ್ಲಿ ಸೋಲುತ್ತವೆ. ಪ್ರಿಂಟರ್ ಸೇರಿಸಿದ ಮೇಲೆ ಡಬ್ಲ್ಯುಪಿಎಸ್ ಆಫ್ ಮಾಡಿಬಿಡಿ.

ಹಲವು ಪ್ರಿಂಟರುಗಳು 'ವೈಫೈ ಡೈರೆಕ್ಟ್' ಹೆಸರಿನಲ್ಲಿ ತಾವೇ ಇನ್ನೊಂದು ವೈಫೈ ಹರಡುತ್ತವೆ. ಬಳಸುವುದಿಲ್ಲವೆಂದರೆ ಅದೂ ಬೇಡ.

ಪ್ರಿಂಟರ್ ಸುಮ್ಮನೆ ನಿಂತರೂ ಕಡೆಗಣಿಸಬೇಡಿ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶ ಬ್ಯಾಂಕಿನಲ್ಲಿ ಹಣ ವರ್ಗಾವಣೆಯ ವಿವರ ಮುದ್ರಿಸುವ ಪ್ರಿಂಟರ್ ಸ್ತಬ್ಧವಾಯಿತು. ಯಂತ್ರ ಎಂದಿನಂತೆ ಕೈಕೊಟ್ಟಿದೆ ಎಂದುಕೊಂಡರು ಸಿಬ್ಬಂದಿ. ಅದನ್ನು ನಿಲ್ಲಿಸಿದ್ದು ಕಳ್ಳರ ಕುತಂತ್ರಾಂಶ. ಅಷ್ಟರಲ್ಲಿ ಆ ಬ್ಯಾಂಕಿನ ನ್ಯೂಯಾರ್ಕ್ ಖಾತೆಯಿಂದ 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್ ಸೇರಿತ್ತು.

ಇವತ್ತೇ ನಿಮ್ಮ ಪ್ರಿಂಟರಿನ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ಟೈಪ್ ಮಾಡಿ ನೋಡಿ. ಪಾಸ್‌ವರ್ಡ್ ಕೇಳದೆ ಸೆಟ್ಟಿಂಗ್ಸ್ ಪುಟ ತೆರೆದುಕೊಂಡರೆ, ಎದ್ದೇಳುವ ಮುನ್ನ ಒಂದು ಪಾಸ್‌ವರ್ಡ್ ಹಾಕಿಬಿಡಿ.